ಕಾಸರಗೋಡಿನಿಂದ ಪೌರತ್ವ ಅರ್ಜಿ: ಪೋರ್ಟಲ್, ಕಲೆಕ್ಟರೇಟ್, ದೆಹಲಿ – ಎಲ್ಲಿ ಸಲೀಸು, ಎಲ್ಲಿ ತಡ

ಕೇಂದ್ರ ಗೃಹ ಸಚಿವಾಲಯದ ಪೌರತ್ವ ಪೋರ್ಟಲಿನ ಮೊರೆ ಹೋಗುವ ಮನೆಗಳು ಕಾಸರಗೋಡಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯವು. ಒಂದು, ಹಿಂದೆ ಕರಾಚಿಗೆ ದುಡಿಯಲು ಹೋಗಿ, ಅಲ್ಲಿನ ಪಾಸ್‌ಪೋರ್ಟಿನಲ್ಲಿ ಊರಿಗೆ ಮರಳಿದವರ ಮತ್ತು ಅವರ ಮಕ್ಕಳ ಮನೆ. ಎರಡು, ಗಲ್ಫಿನಲ್ಲಿ ಹುಟ್ಟಿಯೂ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಣಿಯಾಗದೆ ಉಳಿದ ಮಗು ಇರುವ ಮನೆ. ಮೂರು, ಶ್ರೀಲಂಕಾದಿಂದಲೋ ಫಿಲಿಪ್ಪೀನ್ಸಿನಿಂದಲೋ ಮದುವೆಯಾಗಿ ಬಂದ ಸೊಸೆ ಇರುವ ಮನೆ. ಈ ಮೂವರಿಗೂ ಉಪಯೋಗವಾಗಲೆಂದು ಇಲ್ಲಿ ಒಂದು ಕಚೇರಿಯನ್ನಲ್ಲ, ಇಡೀ ಸೇವೆಯನ್ನು ತೂಗಿ ನೋಡಿದ್ದೇವೆ: ಆನ್‌ಲೈನ್ ಅರ್ಜಿ, ವಿದ್ಯಾನಗರದ ಕಲೆಕ್ಟರೇಟ್, ಪೊಲೀಸ್ ವಿಚಾರಣೆ, ತಿರುವನಂತಪುರದ ಗೃಹ ಇಲಾಖೆ, ಕೊನೆಗೆ ದೆಹಲಿ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಅರ್ಜಿ ಹಾಕುವ ವ್ಯವಸ್ಥೆ ಪರವಾಗಿಲ್ಲ, ಐದರಲ್ಲಿ ಮೂರು ಅಂಕ ಕೊಡಬಹುದು. ಹಾಕಿದ ಮೇಲಿನ ವ್ಯವಸ್ಥೆಗೆ ಒಂದಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ತಡವಾಗುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ತಡವಾದಷ್ಟು ದಿನವೂ ಅರ್ಜಿಗೆ ಆಧಾರವಾದ ಕಾಗದಗಳ ಅವಧಿ ಒಂದೊಂದಾಗಿ ಮುಗಿಯುತ್ತಾ ಹೋಗುವುದು. ಪಾಸ್‌ಪೋರ್ಟ್ ಮುಗಿಯುತ್ತದೆ, ವೀಸಾ ಮುಗಿಯುತ್ತದೆ, ಮಗುವಿಗೆ 18 ತುಂಬುತ್ತದೆ. ಫೈಲು ದೆಹಲಿಯ ಮೇಜಿಗೆ ಬರುವ ಹೊತ್ತಿಗೆ ಅರ್ಜಿ ಹಾಕಿದ ದಿನದ ಚಿತ್ರ ಉಳಿದಿರುವುದಿಲ್ಲ. ಹಾಗಾಗಿ ಅರ್ಜಿ ತುಂಬುವ ದಿನಕ್ಕಿಂತ, ಕಾಯುವ ವರ್ಷಗಳಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲೆ ಫಲಿತಾಂಶ ನಿಂತಿದೆ.

ಫೈಲು ಹೋಗುವ ದಾರಿ

ಅರ್ಜಿಯನ್ನು ಆನ್‌ಲೈನಿನಲ್ಲೇ ತುಂಬಬೇಕು. ಅದರ ಮುದ್ರಿತ ಪ್ರತಿಯನ್ನು ದಾಖಲೆಗಳೊಂದಿಗೆ ಅರ್ಜಿದಾರರು ವಾಸವಿರುವ ಜಿಲ್ಲೆಯ ಕಲೆಕ್ಟರರಿಗೆ ಕೊಡಬೇಕು. ಕಲೆಕ್ಟರರು ವಿಚಾರಣೆ ಮಾಡಿಸಿ, ವರದಿ ಸೇರಿಸಿ ರಾಜ್ಯ ಸರ್ಕಾರಕ್ಕೆ ಕಳಿಸಲು 60 ದಿನ, ರಾಜ್ಯ ಸರ್ಕಾರ ಅದನ್ನು ಕೇಂದ್ರಕ್ಕೆ ಕಳಿಸಲು 30 ದಿನ ಎಂದು ಪೌರತ್ವ ನಿಯಮಗಳು ಹೇಳುತ್ತವೆ. ಒಟ್ಟು ಮೂರು ತಿಂಗಳು. ಆಮೇಲೆ ದೆಹಲಿಯಲ್ಲಿ ಭದ್ರತಾ ಸಂಸ್ಥೆಗಳ ಅಭಿಪ್ರಾಯ ಕೇಳುವ ಹಂತವಿದೆ. ಅರ್ಜಿದಾರರು ಲೆಕ್ಕ ಇಟ್ಟುಕೊಳ್ಳಬಹುದಾದ ದಿನಗಳು ಮೊದಲ ಆ ಮೂರು ತಿಂಗಳು ಮಾತ್ರ.

ನಮ್ಮ ಕಲೆಕ್ಟರರಿಗೆ ಪೌರತ್ವ ಕೊಡುವ ಅಧಿಕಾರವಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. 2021ರ ಮೇ ತಿಂಗಳ ಅಧಿಸೂಚನೆಯಲ್ಲಿ ಗುಜರಾತ್, ರಾಜಸ್ಥಾನ, ಛತ್ತೀಸ್‌ಗಢ, ಹರಿಯಾಣ, ಪಂಜಾಬುಗಳ 13 ಜಿಲ್ಲೆಗಳ ಕಲೆಕ್ಟರರಿಗೆ ಕೇಂದ್ರ ಅಂಥ ಅಧಿಕಾರ ಕೊಟ್ಟಿತು. ಅದೂ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತ ಅರ್ಜಿದಾರರಿಗೆ ಮಾತ್ರ. ಕಾಸರಗೋಡು ಆ ಪಟ್ಟಿಯಲ್ಲಿಲ್ಲ. ಹೀಗಾಗಿ ವಿದ್ಯಾನಗರದಲ್ಲಿ ನಿಂತು ‘ಯಾವಾಗ ಸಿಗುತ್ತದೆ’ ಎಂದು ಕೇಳಿ ಪ್ರಯೋಜನವಿಲ್ಲ. ‘ವರದಿ ಯಾವ ತಾರೀಕಿಗೆ, ಯಾವ ನಂಬರಿನಲ್ಲಿ ಕಳಿಸಿದಿರಿ’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಆ ಉತ್ತರ ಬೆಲೆಬಾಳುವಂಥದ್ದು. ಅದೇ ನಂಬರು ಹಿಡಿದು ತಿರುವನಂತಪುರದಲ್ಲಿ ಹುಡುಕಬಹುದು.

2019ರ ಪೌರತ್ವ ತಿದ್ದುಪಡಿ ಕಾಯ್ದೆಯ ದಾರಿ ಬೇರೆ. 2024ರ ಮಾರ್ಚ್ 11ರಂದು ಅದರ ನಿಯಮಗಳು ಬಂದವು. ಅಲ್ಲಿ ಕಲೆಕ್ಟರರ ಬದಲು ಅಂಚೆ ಇಲಾಖೆಯ ಅಧೀಕ್ಷಕರ ನೇತೃತ್ವದ ಜಿಲ್ಲಾ ಸಮಿತಿ ಮತ್ತು ಜನಗಣತಿ ನಿರ್ದೇಶಕರ ನೇತೃತ್ವದ ರಾಜ್ಯ ಸಮಿತಿ ಇವೆ. ಮೇಲೆ ಹೇಳಿದ ಆರು ಸಮುದಾಯಗಳವರು, 2014ರ ಡಿಸೆಂಬರ್ 31ರೊಳಗೆ ಬಂದವರು ಮಾತ್ರ ಅದಕ್ಕೆ ಅರ್ಹರು. ಕರಾಚಿಯಿಂದ ಮರಳಿದ ನಮ್ಮ ಕಡೆಯ ಮುಸ್ಲಿಂ ಕುಟುಂಬಗಳಿಗೆ ಆ ದಾರಿ ತೆರೆದಿಲ್ಲ. ಪೋರ್ಟಲಿನಲ್ಲಿ ಅದರ ಕೊಂಡಿ ಒತ್ತಿ ಸಮಯ ಕಳೆಯಬೇಡಿ.

ಕಲಂ ಆಯ್ಕೆ

ಪೋರ್ಟಲಿನ ಮೊದಲ ಪುಟದಲ್ಲೇ ಯಾವ ಕಲಂ ಅಡಿಯಲ್ಲಿ ಅರ್ಜಿ ಎಂದು ಆರಿಸಬೇಕು. ಇಲ್ಲಿ ಎಡವಿದರೆ ಮುಂದಿನದ್ದೆಲ್ಲ ವ್ಯರ್ಥ. ಪುಟದಲ್ಲಿ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಕಾನೂನಿನ ಇಂಗ್ಲಿಷನ್ನು ಹಾಗೆಯೇ ಎತ್ತಿ ಹಾಕಿದ್ದಾರೆ.

1955ರ ಪೌರತ್ವ ಕಾಯ್ದೆಯ 5ನೇ ಕಲಮಿನಲ್ಲಿ ನಮ್ಮವರಿಗೆ ಬೇಕಾಗುವುದು ಇಷ್ಟು. ತಾನು ಅಥವಾ ತಂದೆ-ತಾಯಿಯರಲ್ಲಿ ಒಬ್ಬರು ಅವಿಭಜಿತ ಭಾರತದಲ್ಲಿ ಹುಟ್ಟಿದ್ದು, ಅರ್ಜಿದಾರರು ಇಲ್ಲಿ 7 ವರ್ಷ ವಾಸವಿದ್ದರೆ 5(1)(ಎ). ಭಾರತೀಯರನ್ನು ಮದುವೆಯಾಗಿ 7 ವರ್ಷ ವಾಸವಿದ್ದರೆ 5(1)(ಸಿ). ಭಾರತೀಯ ನಾಗರಿಕರ ಅಪ್ರಾಪ್ತ ಮಕ್ಕಳಿಗೆ 5(1)(ಡಿ). ತಾನು ಅಥವಾ ತಂದೆ-ತಾಯಿಯರಲ್ಲಿ ಒಬ್ಬರು ಸ್ವತಂತ್ರ ಭಾರತದ ನಾಗರಿಕರಾಗಿದ್ದು, ಅರ್ಜಿಗೆ ಮೊದಲಿನ 12 ತಿಂಗಳು ಇಲ್ಲಿ ವಾಸವಿದ್ದರೆ 5(1)(ಎಫ್). ಈ ಕೊನೆಯ ಕಲಂ ಹಲವರಿಗೆ ಅನ್ವಯಿಸುತ್ತದೆ, ಆದರೂ ಅದನ್ನು ಯಾರೂ ಗಮನಿಸುವುದಿಲ್ಲ. 7 ವರ್ಷಕ್ಕೆ ಕಾಯುವ ಬದಲು 12 ತಿಂಗಳಿಗೆ ಅರ್ಹತೆ ಸಿಗುವ ಸಾಧ್ಯತೆ ಇದ್ದರೆ ಮೊದಲು ಅದನ್ನು ನೋಡಬೇಕು.

ಆ ‘7 ವರ್ಷ’ದ ಲೆಕ್ಕ ಸರಳವಲ್ಲ. ಅರ್ಜಿಗೆ ನೇರ ಹಿಂದಿನ 12 ತಿಂಗಳು ಪೂರ್ತಿ ಇಲ್ಲೇ ಇರಬೇಕು. ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಒಟ್ಟು 6 ವರ್ಷ ಇದ್ದಿರಬೇಕು. ವಿಶೇಷ ಕಾರಣವಿದ್ದರೆ ಆ 12 ತಿಂಗಳಲ್ಲಿ ಬಿಡಿಬಿಡಿಯಾಗಿ 30 ದಿನದವರೆಗೆ ಸಡಿಲಿಸುವ ಅಧಿಕಾರ ಕೇಂದ್ರಕ್ಕಿದೆ. ನಮ್ಮ ಜಿಲ್ಲೆಯ ಸೊಸೆಯಂದಿರ ಅರ್ಜಿ ಎಡವುವುದು ಇಲ್ಲೇ. ಗಂಡ ದುಬೈಯಲ್ಲಿ, ಹೆಂಡತಿ ಚೆರ್ಕಳದಲ್ಲಿ. ರಜೆಗೆಂದು ವಿಸಿಟ್ ವೀಸಾದಲ್ಲಿ ಎರಡು ತಿಂಗಳು ಹೋಗಿ ಬಂದರೆ ಕೊನೆಯ 12 ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ. ಅರ್ಜಿ ಹಾಕುವ ಮುನ್ನ ಹಳೆಯ ಮತ್ತು ಹೊಸ ಪಾಸ್‌ಪೋರ್ಟುಗಳ ಪ್ರತಿಯೊಂದು ಪುಟ ತೆರೆದು, ಒಳಬಂದ ಮತ್ತು ಹೊರಹೋದ ಮುದ್ರೆಗಳ ತಾರೀಕನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಹೊರಗಿದ್ದ ದಿನಗಳನ್ನು ಕೂಡಿಸಿ. ಆ ಹಾಳೆಯನ್ನು ಅರ್ಜಿಯ ಜೊತೆಗೇ ಲಗತ್ತಿಸಿ. ವಿಚಾರಣೆ ಮಾಡುವವರು ಹೇಗಿದ್ದರೂ ಆ ಲೆಕ್ಕ ಮಾಡಲೇಬೇಕು. ನೀವು ಮಾಡಿ ಕೊಟ್ಟರೆ ಒಂದು ಪ್ರಶ್ನೆ, ಅದರ ಜೊತೆಗೆ ಒಂದು ಸುತ್ತಿನ ಪತ್ರವ್ಯವಹಾರ ಉಳಿಯುತ್ತದೆ.

ಅರ್ಜಿ ಪೂರ್ತಿಯಾದ ಮೇಲೆ ಬರುವ ಗೃಹ ಸಚಿವಾಲಯದ ಫೈಲ್ ನಂಬರನ್ನು ಮನೆಯ ಇಬ್ಬರಾದರೂ ಬರೆದಿಟ್ಟುಕೊಳ್ಳಬೇಕು. ಪೋರ್ಟಲಿಗೆ ಕೊಡುವ ಮೊಬೈಲ್ ಮತ್ತು ಇಮೇಲ್ ಅರ್ಜಿದಾರರದ್ದೇ ಆಗಿರಲಿ. ಅಂಗಡಿಯವರ ಇಮೇಲ್ ಕೊಟ್ಟು, ಕೆಲವು ವರ್ಷದ ನಂತರ ದೆಹಲಿ ಕೇಳಿದ ಪ್ರಶ್ನೆ ಯಾರ ಕಣ್ಣಿಗೂ ಬೀಳದೆ ಹೋಗುವುದು ಅಪರೂಪವಲ್ಲ. ಉತ್ತರ ಬಾರದ ಫೈಲು ಅಲ್ಲೇ ಕೂರುತ್ತದೆ.

ಒಂದೇ ಮನೆ, ಮೂರು ಜಿಲ್ಲೆ

ಇದು ಕಾಸರಗೋಡಿಗೇ ವಿಶೇಷವಾದ ತೊಡಕು, ದೆಹಲಿಯ ಗುಮಾಸ್ತರಿಗೆ ಅರ್ಥವಾಗದಿರುವುದು ಸಹಜ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳಕ್ಕೆ ಸೇರಿತು. 1957ರ ಜನವರಿ 1ರಂದು ಕಣ್ಣೂರು ಜಿಲ್ಲೆಯಾದಾಗ ಅದರೊಳಗೆ ಹೋಯಿತು. 1984ರ ಮೇ 24ರಂದು ತಾನೇ ಜಿಲ್ಲೆಯಾಯಿತು. ಕುಂಬಳೆಯ ಒಂದೇ ಮನೆಯಲ್ಲಿ ಅಜ್ಜನ ಶಾಲಾ ದಾಖಲೆಯಲ್ಲಿ ದಕ್ಷಿಣ ಕನ್ನಡ, ತಂದೆಯ ದಾಖಲೆಯಲ್ಲಿ ಕಣ್ಣೂರು, ಮಗನ ದಾಖಲೆಯಲ್ಲಿ ಕಾಸರಗೋಡು ಎಂದಿರುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಮೂರು ಊರು ತಿರುಗಿದ ಕುಟುಂಬದಂತೆ ಕಾಣುತ್ತದೆ. ಅರ್ಜಿಯ ಮುಖಪತ್ರದಲ್ಲಿ ಈ ತಾರೀಕುಗಳನ್ನು ನಾಲ್ಕೇ ಸಾಲಿನಲ್ಲಿ ಬರೆದು, ‘ಗ್ರಾಮ ಅದೇ, ಸರ್ವೆ ನಂಬರು ಅದೇ’ ಎಂದು ವಿಲ್ಲೇಜ್ ಆಫೀಸಿನ ದೃಢೀಕರಣ ಸೇರಿಸಿದರೆ ಸಾಕು.

ಹೆಸರಿನದ್ದು ಇನ್ನೂ ದೊಡ್ಡ ಸಮಸ್ಯೆ. ಕನ್ನಡ ಶಾಲೆಯ ರಿಜಿಸ್ಟರಿನಲ್ಲಿ ‘ಮಹಮ್ಮದ್ ಕುಂಞಿ’ ಎಂದಿರುವುದನ್ನು ಇಂಗ್ಲಿಷಿಗೆ ತರುವಾಗ ಒಬ್ಬರು ‘ಮೊಹಮ್ಮದ್’ ಮಾಡುತ್ತಾರೆ, ಇನ್ನೊಬ್ಬರು ‘ಮುಹಮ್ಮದ್’ ಮಾಡುತ್ತಾರೆ. ‘ಕುಂಞಿ’ಯ ಅಕ್ಷರಗಳು ಪ್ರತಿ ಕಾಗದದಲ್ಲೂ ಬೇರೆ. ಮನೆ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಪಾಸ್‌ಪೋರ್ಟಿನಲ್ಲಿ ಇಲ್ಲವೇ ಇಲ್ಲ. ಭದ್ರತಾ ಪರಿಶೀಲನೆಯಲ್ಲಿ ಹೆಸರೇ ಕೀಲಿ, ಅಕ್ಷರ ತಪ್ಪಿದರೆ ಬೇರೆ ವ್ಯಕ್ತಿ ಎಂದೇ ಲೆಕ್ಕ. ಕೇರಳದ ಕಂದಾಯ ಇಲಾಖೆ ಕೊಡುವ ‘ಒನ್ ಆಂಡ್ ಸೇಮ್’ ಸರ್ಟಿಫಿಕೇಟ್ (ಈ ಹೆಸರುಗಳೆಲ್ಲ ಒಬ್ಬರದ್ದೇ ಎಂಬ ದೃಢೀಕರಣ) ಇದಕ್ಕೆಂದೇ ಇರುವುದು. ಅರ್ಜಿ ಹಾಕಿದ ಮೇಲೆ ಕೇಳಿದಾಗ ಕೊಡೋಣ ಎಂದುಕೊಳ್ಳದೆ, ಮೊದಲೇ ಮಾಡಿಸಿ. ಅದರಲ್ಲಿ ಬರುವ ಪ್ರತಿ ಹೆಸರಿನ ರೂಪವನ್ನೂ, ಅದು ಯಾವ ದಾಖಲೆಯಲ್ಲಿದೆ ಎಂಬುದನ್ನೂ ಬರೆಸಿ. ಎರಡು ರೂಪ ಮಾತ್ರ ಬರೆಸಿ, ಮೂರನೆಯದು ಮದುವೆ ಸರ್ಟಿಫಿಕೇಟಿನಲ್ಲಿ ಉಳಿದುಹೋದರೆ ಫೈಲು ಪುನಃ ಕೆಳಗೆ ಬರುತ್ತದೆ.

ಕನ್ನಡ ದಾಖಲೆಗಳನ್ನು ಕಾಸರಗೋಡಿನ ಕಚೇರಿಗಳು ಸ್ವೀಕರಿಸುತ್ತವೆ, ಭಾಷಾ ಅಲ್ಪಸಂಖ್ಯಾತರಿಗೆ ಇರುವ ಹಕ್ಕು ಅದು. ಆದರೆ ಫೈಲು ಇಲ್ಲೇ ನಿಲ್ಲುವುದಿಲ್ಲವಲ್ಲ. ತಿರುವನಂತಪುರಕ್ಕೂ ದೆಹಲಿಗೂ ಓದಲು ಬರಬೇಕು. ಪ್ರತಿಯೊಂದು ಕನ್ನಡ ಕಾಗದಕ್ಕೂ ನೋಟರಿ ದೃಢೀಕರಿಸಿದ ಇಂಗ್ಲಿಷ್ ಅನುವಾದ ಮೊದಲೇ ಇಡಿ. ಅನುವಾದ ಮಾಡುವವರಿಗೆ ಪಾಸ್‌ಪೋರ್ಟಿನ ಪ್ರತಿ ಕೊಟ್ಟು, ‘ಹೆಸರಿನ ಅಕ್ಷರ ಇದೇ ರೀತಿ ಬರಲಿ’ ಎಂದು ಹೇಳಿ. 6ನೇ ಕಲಮಿನ ಅಡಿಯಲ್ಲಿ, ಅಂದರೆ ದೀರ್ಘ ವಾಸದ ಆಧಾರದಲ್ಲಿ ಅರ್ಜಿ ಹಾಕುವವರು ಸಂವಿಧಾನದ ಎಂಟನೇ ಅನುಸೂಚಿಯ ಯಾವುದಾದರೂ ಭಾಷೆ ಬಲ್ಲವರಾಗಿರಬೇಕು. ಅಲ್ಲಿ ಕನ್ನಡ ನಡೆಯುತ್ತದೆ. ಮಲಯಾಳವೇ ಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.

ಗಡಿಯ ಎರಡೂ ಕಡೆ ಇರುವವರು

ಮಂಜೇಶ್ವರ, ವರ್ಕಾಡಿ, ತಲಪಾಡಿ ಕಡೆಯವರ ಬದುಕು ಅರ್ಧ ಮಂಗಳೂರಿನಲ್ಲಿ. ಮಗುವಿನ ಶಾಲೆ ಅಲ್ಲಿ, ಆಸ್ಪತ್ರೆ ಅಲ್ಲಿ, ಬ್ಯಾಂಕ್ ಖಾತೆಯೂ ಅಲ್ಲಿ. ಪೌರತ್ವ ಅರ್ಜಿಗೆ ಇದು ತೊಡಕು. ವಾಸದ ಆಧಾರದಲ್ಲಿ ನಿಂತ ಅರ್ಜಿಗೆ ‘ಎಲ್ಲಿ ವಾಸ’ ಎಂಬುದಕ್ಕೆ ಒಂದೇ ಉತ್ತರವಿರಬೇಕು. ಮಂಗಳೂರಿನ ಬಾಡಿಗೆ ಕರಾರು, ಮಂಜೇಶ್ವರದ ರೇಷನ್ ವಿಳಾಸ, ಅಲ್ಲೊಂದು ಇಲ್ಲೊಂದು ವೀಸಾ ನೋಂದಣಿ ಇದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ವೀಸಾ ನೋಂದಣಿ ಕರ್ನಾಟಕದ ವಿಳಾಸದಲ್ಲಿದ್ದು, ಪೌರತ್ವ ಅರ್ಜಿ ಕಾಸರಗೋಡಿನಲ್ಲಿ ಹಾಕಿದರೆ ಎರಡು ರಾಜ್ಯಗಳ ಪೊಲೀಸರಿಗೆ ಪತ್ರ ಹೋಗುತ್ತದೆ. ಒಬ್ಬರ ಉತ್ತರ ಬರುವ ತನಕ ಇನ್ನೊಬ್ಬರ ವರದಿ ಮೇಜಿನ ಮೇಲಿರುತ್ತದೆ.

ಅರ್ಜಿ ನಡೆಯುತ್ತಿರುವಾಗ ಮನೆ ಬದಲಿಸುವುದಾದರೆ ಜಿಲ್ಲೆಯೊಳಗೇ ಬದಲಿಸಿ. ಉಪ್ಪಳದಿಂದ ಕಾಞಂಗಾಡಿಗೆ ಹೋದರೆ ಠಾಣೆ ಮಾತ್ರ ಬದಲಾಗುತ್ತದೆ, ಕಲೆಕ್ಟರರು ಅವರೇ. ಉಪ್ಪಳದಿಂದ ತೊಕ್ಕೊಟ್ಟಿಗೆ ಹೋದರೆ ಜಿಲ್ಲೆಯೂ ಬದಲು, ರಾಜ್ಯ ಸರ್ಕಾರವೂ ಬದಲು. ವಿಚಾರಣೆ ಹೊಸದಾಗಿ ಶುರುವಾಗುತ್ತದೆ. ಹತ್ತಾರು ಕಿಲೋಮೀಟರಿನ ಈ ಸ್ಥಳಾಂತರ ಮಾಡುವಷ್ಟು ನಷ್ಟವನ್ನು ಬೇರೆ ಯಾವುದೂ ಮಾಡುವುದಿಲ್ಲ.

ಅಫಿದವಿತ್ ವಿಷಯದಲ್ಲೂ ಎಚ್ಚರ. ಹತ್ತಿರವೆಂದು ಮಂಗಳೂರಿನಲ್ಲಿ ಕರ್ನಾಟಕದ ಸ್ಟ್ಯಾಂಪ್ ಪೇಪರಿನಲ್ಲಿ ಮಾಡಿಸಿ ತಂದರೆ ಕೇರಳದ ಕಚೇರಿಯಲ್ಲಿ ಪ್ರಶ್ನೆ ಏಳಬಹುದು. ಕಾಸರಗೋಡಿನಲ್ಲೇ ಮಾಡಿಸಿ.

ಪೊಲೀಸ್ ವಿಚಾರಣೆ

ಪೊಲೀಸ್ ಇಲಾಖೆಯ ಸ್ಪೆಷಲ್ ಬ್ರಾಂಚಿನವರು ಮನೆಗೆ ಬರುತ್ತಾರೆ, ನೆರೆಹೊರೆಯವರನ್ನು ಕೇಳುತ್ತಾರೆ, ಮೂಲ ದಾಖಲೆ ನೋಡುತ್ತಾರೆ. ಈ ಹಂತದ ಬಗ್ಗೆ ದೂರು ಹೇಳುವವರು ಬಹಳ, ಆದರೆ ಇಲ್ಲಿನ ತಡಕ್ಕೆ ಅರ್ಧ ಕಾರಣ ಮನೆಯವರೇ. ಬಂದಾಗ ಮನೆಯಲ್ಲಿ ಮಕ್ಕಳು ಮಾತ್ರ ಇರುತ್ತಾರೆ, ಮೂಲ ಪಾಸ್‌ಪೋರ್ಟ್ ಗಲ್ಫಿನಲ್ಲಿರುವ ಅಣ್ಣನ ಬ್ಯಾಗಿನಲ್ಲಿರುತ್ತದೆ. ‘ಅರ್ಜಿದಾರರು ಲಭ್ಯವಿಲ್ಲ’ ಎಂದು ಒಂದು ಸಲ ವರದಿ ಹೋದರೆ ಅದನ್ನು ಸರಿಪಡಿಸಲು ಮತ್ತೆ ಕಲೆಕ್ಟರೇಟಿನಿಂದ ಪತ್ರ ಬರಬೇಕು. ಮೂಲ ದಾಖಲೆಗಳ ಒಂದು ಕಟ್ಟು ಮನೆಯಲ್ಲೇ ಇರಲಿ. ಅರ್ಜಿದಾರರು ಮನೆಯಲ್ಲಿರುವ ಸಮಯ ಮತ್ತು ಫೋನ್ ನಂಬರನ್ನು ಠಾಣೆಗೆ ಬರೆದು ಕೊಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವಿದೇಶಿ ಪಾಸ್‌ಪೋರ್ಟ್ ಇರುವವರ ಹೆಸರು ಮತದಾರರ ಪಟ್ಟಿಯಲ್ಲಿದ್ದರೆ ಅರ್ಜಿಗೆ ಮೊದಲೇ ತೆಗೆಸಿ. ವೋಟರ್ ಐಡಿಯನ್ನು ವಿಳಾಸದ ಪುರಾವೆಯಾಗಿ ಲಗತ್ತಿಸಿದರೆ ಅದು ಅರ್ಜಿದಾರರ ವಿರುದ್ಧವೇ ಸಾಕ್ಷಿಯಾಗುತ್ತದೆ. ಆಧಾರ್ ಹಾಗಲ್ಲ. ಇಲ್ಲಿ ವಾಸವಿರುವ ವಿದೇಶಿಯರಿಗೂ ಅದು ಸಿಗುತ್ತದೆ, ಆದರೆ ಪೌರತ್ವದ ಪುರಾವೆಯಲ್ಲ.

ಕಾಯುವಾಗ ಮುಗಿದುಹೋಗುವ ಕಾಗದಗಳು

ಮೊದಲನೆಯದು ವೀಸಾ. ಪಾಕಿಸ್ತಾನದ ಪಾಸ್‌ಪೋರ್ಟಿನವರಿಗೆ ದೀರ್ಘಾವಧಿ ವೀಸಾ, ಬೇರೆಯವರಿಗೆ ಎಂಟ್ರಿ ವೀಸಾ ಮತ್ತು ವಾಸದ ಪರವಾನಗಿ. ಪೌರತ್ವ ಅರ್ಜಿ ಬಾಕಿ ಇದೆ ಎಂಬ ಕಾರಣಕ್ಕೆ ವೀಸಾ ತಾನಾಗಿ ಮುಂದುವರಿಯುವುದಿಲ್ಲ. ವೀಸಾ ಅವಧಿ ಮೀರಿ ಉಳಿದವರನ್ನೂ ಕಾಯ್ದೆಯ 2ನೇ ಕಲಂ ‘ಅಕ್ರಮ ವಲಸಿಗ’ರ ಸಾಲಿಗೆ ಸೇರಿಸುತ್ತದೆ, ಮತ್ತು 5ನೇ ಕಲಂ ಅಕ್ರಮ ವಲಸಿಗರಿಗೆ ಅನ್ವಯಿಸುವುದಿಲ್ಲ. ಅಂದರೆ ಒಂದು ತಿಂಗಳ ಅಜಾಗ್ರತೆ ವರ್ಷಗಟ್ಟಲೆ ಕಾದ ಅರ್ಜಿಯನ್ನು ಬುಡದಲ್ಲೇ ಕಡಿಯಬಲ್ಲದು. 2025ರ ಸೆಪ್ಟೆಂಬರ್ 1ರಿಂದ ಹಳೆಯ ವಿದೇಶಿಯರ ಕಾಯ್ದೆಯ ಜಾಗದಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ಅವಧಿ ಮುಗಿಯುವ ಎರಡು-ಮೂರು ತಿಂಗಳ ಮೊದಲೇ ನವೀಕರಣಕ್ಕೆ ಹಾಕಿ, ಹಾಕಿದ್ದಕ್ಕೆ ಸಿಕ್ಕ ಸ್ವೀಕೃತಿಯನ್ನು ಜೋಪಾನವಾಗಿಡಿ.

ಎರಡನೆಯದು ಪಾಸ್‌ಪೋರ್ಟ್. ಅದರ ಅವಧಿ ಮುಗಿದರೆ ವೀಸಾ ನವೀಕರಣವೂ ನಿಲ್ಲುತ್ತದೆ. ಶ್ರೀಲಂಕಾದವರಿಗೆ ಚೆನ್ನೈಯ ಉಪ ಹೈಕಮಿಷನ್ ಇದೆ. ಪಾಕಿಸ್ತಾನದ್ದಾದರೆ ದೆಹಲಿಯೇ ಗತಿ. ಹೊಸ ಪಾಸ್‌ಪೋರ್ಟ್ ನಂಬರು ಬಂದ ಕೂಡಲೇ ಫೈಲ್ ನಂಬರು ನಮೂದಿಸಿ, ಕಲೆಕ್ಟರೇಟಿಗೂ ಗೃಹ ಸಚಿವಾಲಯಕ್ಕೂ ಲಿಖಿತವಾಗಿ ತಿಳಿಸಿ. ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ. ವಾಸದ ಲೆಕ್ಕಕ್ಕೆ ಅದರ ಮುದ್ರೆಗಳೇ ಆಧಾರ.

ಮೂರನೆಯದು ಮಕ್ಕಳ ವಯಸ್ಸು. ಮನೆಯ ಎಲ್ಲರ ಅರ್ಜಿಗಳನ್ನು ಒಂದೇ ದಿನ ಹಾಕಿದರೂ ಪ್ರತಿಯೊಬ್ಬರ ಫೈಲು ಬೇರೆ, ಅವು ಒಟ್ಟಿಗೆ ನಡೆಯುತ್ತವೆ ಎಂಬ ಖಾತರಿಯಿಲ್ಲ. ತಾಯಿಯದ್ದು ದೆಹಲಿಯಲ್ಲಿ, ಮಗಳದ್ದು ತಿರುವನಂತಪುರದಲ್ಲಿ, ಮಗನದ್ದು ಠಾಣೆಯಲ್ಲಿ ಎಂದಾಗುತ್ತದೆ. ಪ್ರತಿ ಅರ್ಜಿಯ ಮುಖಪತ್ರದಲ್ಲೂ ಉಳಿದವರ ಫೈಲ್ ನಂಬರುಗಳನ್ನು ಬರೆಯಿರಿ. 18 ತುಂಬಿದವರು ಅಪ್ರಾಪ್ತರ ಕಲಮಿನಲ್ಲಿ ಹೊಸ ಅರ್ಜಿ ಹಾಕಲಾರರು. 15-16ರ ಮಕ್ಕಳಿದ್ದರೆ ಅವರ ಅರ್ಜಿ ಮೊದಲು, ದೊಡ್ಡವರದ್ದು ಆಮೇಲೆ.

ಗಲ್ಫಿನಲ್ಲಿ ಹುಟ್ಟಿದ ಮಗು

ಇಡೀ ಸೇವೆಯಲ್ಲಿ ಚೆನ್ನಾಗಿ ನಡೆಯುವ ಭಾಗ ಇದು. 4ನೇ ಕಲಮಿನ ಪ್ರಕಾರ 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ-ತಾಯಿ ಘೋಷಿಸಬೇಕು. ಸಮಯದೊಳಗೆ ಮಾಡಿದರೆ ಇದಕ್ಕೆ ಕಲೆಕ್ಟರೂ ಬೇಡ, ಪೊಲೀಸರೂ ಬೇಡ. ಒಂದು ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು, ತಡವಾದದ್ದಕ್ಕೆ ಕಾರಣ ಬರೆಯಬೇಕು. ಗಲ್ಫ್ ದೇಶಗಳು ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವುದಿಲ್ಲವಾದ್ದರಿಂದ ನೋಂದಣಿಯಾಗದ ಮಗು ಯಾವ ದೇಶದ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ.

ತಪ್ಪುವುದು ಹೆಚ್ಚಾಗಿ ಮದುವೆಯ ಕಾಗದದಲ್ಲಿ. ಮಸೀದಿಯ ಅಥವಾ ದೇವಸ್ಥಾನದ ಸರ್ಟಿಫಿಕೇಟ್ ಮಾತ್ರ ಇದ್ದು, 2008ರ ಕೇರಳ ಸಾಮಾನ್ಯ ವಿವಾಹ ನೋಂದಣಿ ನಿಯಮಗಳ ಪ್ರಕಾರ ಪಂಚಾಯತಿನಲ್ಲಿ ನೋಂದಣಿಯಾಗಿರುವುದಿಲ್ಲ. ಹೆರಿಗೆಯಾದ ಮೇಲೆ ಅದಕ್ಕಾಗಿ ಊರಿಗೆ ಓಡಿಬರುವ ಬದಲು, ಹೊರಡುವ ಮುಂಚೆಯೇ ನೋಂದಣಿ ಮಾಡಿಸಿಕೊಳ್ಳಬೇಕು. ಈಗ ಪಂಚಾಯತುಗಳಿಗೂ ಕೆ-ಸ್ಮಾರ್ಟ್ (ಕೇರಳದ ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ಸೇವಾ ವ್ಯವಸ್ಥೆ) ಬಂದಿರುವುದರಿಂದ ಅರ್ಜಿ ಆನ್‌ಲೈನಿನಲ್ಲೇ ಆಗುತ್ತದೆ.

ತ್ಯಾಗಪತ್ರ

ಗೃಹ ಸಚಿವಾಲಯ ಅರ್ಜಿಯನ್ನು ತತ್ವಶಃ ಒಪ್ಪಿದ ಮೇಲೆ ಒಂದು ಪತ್ರ ಬರುತ್ತದೆ. ಹಳೆಯ ಪೌರತ್ವ ಬಿಟ್ಟ ಬಗ್ಗೆ ಆ ದೇಶ ಕೊಡುವ ತ್ಯಾಗಪತ್ರ ಮತ್ತು ಶುಲ್ಕ ಕಟ್ಟಿದ ಪುರಾವೆ ಕೊಡಿ ಎಂದು. ಈ ಪತ್ರ ಬರುವ ಮುನ್ನ ಹಳೆಯ ಪೌರತ್ವ ಬಿಡಲೇಬಾರದು. ಮೊದಲೇ ಬಿಟ್ಟರೆ ಪಾಸ್‌ಪೋರ್ಟ್ ಇಲ್ಲ, ಪಾಸ್‌ಪೋರ್ಟ್ ಇಲ್ಲದೆ ವೀಸಾ ಇಲ್ಲ.

ಪಾಕಿಸ್ತಾನದ ವಿಷಯದಲ್ಲಿ ಇನ್ನೊಂದು ಗಂಟಿದೆ. ಅಲ್ಲಿನ ಕಾನೂನಿನಲ್ಲಿ ಪೌರತ್ವ ಬಿಡಲು 21 ವರ್ಷ ತುಂಬಿರಬೇಕು. ನಮ್ಮಲ್ಲಿ ಪ್ರಾಪ್ತ ವಯಸ್ಸು 18. ನೆರೆಯ ಕಣ್ಣೂರು ಜಿಲ್ಲೆಯ ಇಬ್ಬರು ಸೋದರಿಯರ ಪ್ರಕರಣ ಹೀಗೆಯೇ ಸಿಕ್ಕಿಹಾಕಿಕೊಂಡದ್ದು. 21 ಆಗುವ ಮೊದಲೇ ಪಾಸ್‌ಪೋರ್ಟ್ ಒಪ್ಪಿಸಿದ್ದರು, ಪಾಕಿಸ್ತಾನದ ಹೈಕಮಿಷನ್ ಆಕ್ಷೇಪಣೆ ಇಲ್ಲವೆಂದು ಪತ್ರ ಕೊಟ್ಟಿತು, ತ್ಯಾಗಪತ್ರ ಕೊಡಲಿಲ್ಲ. ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2024ರಲ್ಲಿ ಅವರ ಪರ ತೀರ್ಪು ಕೊಟ್ಟಿತ್ತು. 2025ರ ಆಗಸ್ಟಿನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿ, ತ್ಯಾಗಪತ್ರ ಬೇಕೇ ಬೇಕು ಎಂದಿತು. ಪಾಸ್‌ಪೋರ್ಟ್ ಒಪ್ಪಿಸುವುದೂ ಪೌರತ್ವ ಬಿಡುವುದೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. 18ರಿಂದ 21ರ ನಡುವಿನ ಮಕ್ಕಳಿರುವ ಮನೆಯವರು ಪಾಸ್‌ಪೋರ್ಟನ್ನು ನವೀಕರಿಸಿ ಇಟ್ಟುಕೊಳ್ಳುವುದೇ ಈಗಿನ ಮಟ್ಟಿಗೆ ಕ್ಷೇಮ. ಇಂಥವರಿಗೆ ಓಸಿಐ ಕಾರ್ಡಿನ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡು) ಅಡ್ಡದಾರಿಯೂ ಇಲ್ಲ. ತಾನು, ತಂದೆ-ತಾಯಿ, ಅಜ್ಜ-ಅಜ್ಜಿ ಯಾರಾದರೂ ಪಾಕಿಸ್ತಾನದ ಪೌರರಾಗಿದ್ದರೆ ಅದು ಸಿಗುವುದಿಲ್ಲ.

ಫೈಲು ಸರಿಯದಿದ್ದರೆ

60 ದಿನ ಕಳೆದ ಮರುವಾರ ಕಲೆಕ್ಟರೇಟಿಗೆ ಒಂದು ನೆನಪೋಲೆ ಕೊಡಿ. ತಪಾಲು ವಿಭಾಗದಲ್ಲಿ ಮೊಹರು ಹಾಕಿಸಿ ಪ್ರತಿ ತೆಗೆದುಕೊಳ್ಳಿ. ಬಾಯಿಮಾತಿಗೆ ಫೈಲಿನಲ್ಲಿ ಜಾಗವಿಲ್ಲ. ರಾಜ್ಯ ಗೃಹ ಇಲಾಖೆಗೂ 30 ದಿನ ಕಳೆದ ಮೇಲೆ ಹೀಗೆಯೇ ಮಾಡಿ. ದೆಹಲಿಯ ಹಂತಕ್ಕೆ ಕೇಂದ್ರದ ಸಿಪಿಗ್ರಾಮ್ಸ್ ದೂರು ವ್ಯವಸ್ಥೆ ಇದೆ. 2024ರಿಂದ ಅದಕ್ಕೆ 21 ದಿನದೊಳಗೆ ಉತ್ತರಿಸುವ ಗುರಿ ಇಟ್ಟಿದ್ದಾರೆ. ಅಲ್ಲಿ ಸಿಗುವ ಉತ್ತರ ‘ಪರಿಶೀಲನೆಯಲ್ಲಿದೆ’ ಎಂದಷ್ಟೇ ಇದ್ದರೂ, ಫೈಲು ಯಾರ ಬಳಿ ಇದೆ ಎಂಬುದು ಕೆಲವೊಮ್ಮೆ ತಿಳಿಯುತ್ತದೆ.

ಹೆಚ್ಚು ಕೆಲಸಕ್ಕೆ ಬರುವುದು ಮಾಹಿತಿ ಹಕ್ಕು. ಆದರೆ 2005ರ ಆ ಕಾಯ್ದೆ ಮಾಹಿತಿ ಕೇಳುವ ಹಕ್ಕನ್ನು ಕೊಟ್ಟಿರುವುದು ನಾಗರಿಕರಿಗೆ ಮಾತ್ರ. ಪೌರತ್ವಕ್ಕೆ ಕಾದಿರುವ ಸೊಸೆ ತನ್ನ ಹೆಸರಿನಲ್ಲಿ ಹಾಕಿದರೆ ಅದೇ ಕಾರಣಕ್ಕೆ ತಿರಸ್ಕಾರವಾಗಬಹುದು. ಗಂಡನೋ ಮಾವನೋ ಹಾಕಬೇಕು, ಅರ್ಜಿದಾರರ ಒಪ್ಪಿಗೆ ಪತ್ರವನ್ನು ಜೊತೆಗಿಡಬೇಕು, ಇಲ್ಲದಿದ್ದರೆ ಮೂರನೆಯವರ ಮಾಹಿತಿ ಎಂದು ತಳ್ಳುತ್ತಾರೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ‘ಯಾಕೆ ತಡ’ ಎಂದು ಕೇಳಬೇಡಿ, ಅದಕ್ಕೆ ಉತ್ತರಿಸುವ ಹೊಣೆ ಅವರಿಗಿಲ್ಲ. ಕೇಳಬೇಕಾದದ್ದು: ಈ ಫೈಲ್ ನಂಬರಿನ ಅರ್ಜಿ ನಿಮ್ಮ ಕಚೇರಿಗೆ ಬಂದ ತಾರೀಕು, ಈವರೆಗೆ ಅದು ಸಾಗಿದ ಪ್ರತಿ ಹಂತದ ತಾರೀಕು, ಈಗ ಯಾವ ಹುದ್ದೆಯ ಅಧಿಕಾರಿಯ ಬಳಿ ಇದೆ, ಇದರ ಬಗ್ಗೆ ಬೇರೆ ಕಚೇರಿಗೆ ಬರೆದ ಪತ್ರಗಳ ಪ್ರತಿ. ಕಲೆಕ್ಟರೇಟ್, ತಿರುವನಂತಪುರ, ದೆಹಲಿ ಮೂರಕ್ಕೂ ಬೇರೆ ಬೇರೆ ಅರ್ಜಿ ಒಂದೇ ದಿನ ಹಾಕಿ. ಮೂರು ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ಫೈಲು ಎಲ್ಲಿ ನಿಂತಿದೆ ಎಂಬುದು ಸ್ಪಷ್ಟವಾಗುತ್ತದೆ.

ಆ ಉತ್ತರಗಳೇ ಮುಂದೆ ಹೈಕೋರ್ಟಿಗೆ ಆಧಾರ. ಪೌರತ್ವ ಕಾಯ್ದೆಯ 14ನೇ ಕಲಮಿನ ಪ್ರಕಾರ ಅರ್ಜಿಯನ್ನು ಒಪ್ಪುವುದೂ ತಳ್ಳುವುದೂ ಕೇಂದ್ರದ ವಿವೇಚನೆ, ಕಾರಣ ಕೊಡಬೇಕೆಂದೂ ಇಲ್ಲ. ಪೌರತ್ವ ಕೊಡಿಸಿ ಎಂದು ಎರ್ನಾಕುಳದ ಹೈಕೋರ್ಟಿಗೆ ಹೋಗುವುದಕ್ಕಿಂತ, ಇಂತಿಷ್ಟು ಸಮಯದೊಳಗೆ ತೀರ್ಮಾನಿಸಲು ನಿರ್ದೇಶಿಸಿ ಎಂದು ಸಂವಿಧಾನದ 226ನೇ ವಿಧಿಯಡಿ ಕೇಳುವುದು ಫಲ ಕೊಡುವ ದಾರಿ. ತಿರಸ್ಕಾರವಾಗಿದ್ದರೆ ಪುನರ್‌ಪರಿಶೀಲನೆಗೆ ಇರುವುದು 30 ದಿನ, ಆ ತಾರೀಕು ತಪ್ಪಿಸಬೇಡಿ.

ಅಕ್ಷಯ ಕೇಂದ್ರ, ಏಜೆಂಟರು

ಸ್ಕ್ಯಾನ್, ಫೋಟೋ, ಅಪ್‌ಲೋಡ್, ಪ್ರಿಂಟ್ – ಇಷ್ಟಕ್ಕೆ ಕೇರಳದ ಸರ್ಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರಗಳು ನಂಬಿಕಸ್ಥ, ರಸೀದಿ ಕೊಡುತ್ತಾರೆ. ಒನ್ ಆಂಡ್ ಸೇಮ್ ಸರ್ಟಿಫಿಕೇಟಿನಂಥ ಇ-ಡಿಸ್ಟ್ರಿಕ್ಟ್ (ಸರ್ಟಿಫಿಕೇಟುಗಳಿಗೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ) ಕೆಲಸಕ್ಕಂತೂ ಅವರೇ ಸರಿ. ಆದರೆ ಪೌರತ್ವ ಅರ್ಜಿ ಅವರ ನಿತ್ಯದ ಕೆಲಸವಲ್ಲ, ಕಲಂ ಯಾವುದು ಎಂದು ಅವರನ್ನು ಕೇಳಬೇಡಿ. ಅದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ, ಅಥವಾ ಒಬ್ಬ ವಕೀಲರ ಬಳಿ ಒಂದು ಗಂಟೆ ಕೂತು ಕೇಳಿ. ‘ದೆಹಲಿಯಲ್ಲಿ ಜನ ಇದ್ದಾರೆ’ ಎಂದು ದುಡ್ಡು ಕೇಳುವವರಿಂದ ದೂರವಿರಿ. ಫೈಲಿನ ಭದ್ರತಾ ವರದಿಯನ್ನು ಮುಂದೆ ತಳ್ಳುವ ಶಕ್ತಿ ಯಾವ ಏಜೆಂಟರಿಗೂ ಇಲ್ಲ, ಅವರು ಮಾಡುವುದು ನೀವೇ ಪೋರ್ಟಲಿನಲ್ಲಿ ನೋಡಬಹುದಾದ ಸ್ಥಿತಿಯನ್ನು ಫೋನಿನಲ್ಲಿ ಓದಿ ಹೇಳುವುದು.

ಪ್ರಮಾಣಪತ್ರ ಬಂದ ದಿನ

ಪ್ರಾಪ್ತ ವಯಸ್ಕರು ಸಂವಿಧಾನಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡಿ ಸಹಿ ಹಾಕಬೇಕು. ಪ್ರಮಾಣಪತ್ರ ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ತಾರೀಕು ಒಂದೊಂದಾಗಿ ಪಾಸ್‌ಪೋರ್ಟಿನೊಂದಿಗೆ ಹೋಲಿಸಿ. ಅಕ್ಷರ ತಪ್ಪಿದ್ದರೆ ಅಲ್ಲೇ ಬರೆದುಕೊಡಿ. ಕಾಸರಗೋಡಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲಿಯೋ ಪಯ್ಯನ್ನೂರಿನಲ್ಲಿಯೋ ಅರ್ಜಿ ಕೊಡುವಾಗ ಆ ತಪ್ಪು ಎದುರಾದರೆ, ತಿದ್ದುಪಡಿಗೆ ಮತ್ತೆ ದೆಹಲಿಗೇ ಬರೆಯಬೇಕಾಗುತ್ತದೆ. ವೀಸಾ ನೋಂದಣಿ ಇದ್ದ ಪೊಲೀಸ್ ಕಚೇರಿಗೆ ಪ್ರಮಾಣಪತ್ರದ ಪ್ರತಿ ಕೊಟ್ಟು, ವಿದೇಶಿಯರ ರಿಜಿಸ್ಟರಿನಿಂದ ಹೆಸರು ತೆಗೆಸಿ. ಇದನ್ನು ಮರೆತವರಿಗೆ ನಂತರವೂ ‘ವೀಸಾ ನವೀಕರಿಸಿಲ್ಲ’ ಎಂಬ ನೋಟೀಸು ಬರುವ ಸಾಧ್ಯತೆ ಇದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಫಾರ್ಮ್ 6 ತುಂಬುವುದು ಇದೆಲ್ಲ ಆದ ಮೇಲೆ.